ಸೋಫಾ ಆಗಬೇಕಿದ್ದ ಕಾರು

ಮೊಮ್ಮಕ್ಕಳೇ, ನಿಮ್ಮ ಅಪ್ಪನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಬಾಯಿಬಿಟ್ಟು ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನಗೆ ಮಾತಾಡಿ ಅಭ್ಯಾಸವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕೆಳಗೆ ಪಾರ್ಕಿಂಗಿನಲ್ಲಿ ನಿಂತಿರುವ ಅಂಬಾಸಿಡರ್ ನಿಮ್ಮ ತಾತನದು. ನೀವು ಅದನ್ನು ಹಳೇ ಡಬ್ಬ ಎನ್ನುತ್ತೀರಿ. ಪೀಣ್ಯದಲ್ಲಿ ತಾತನಿಗೆ ಕಬ್ಬಿಣ ಕಡೆಯುವ ಒಂದು ಲೇತ್ ಶೆಡ್ ಇತ್ತು. ಬೆಳಿಗ್ಗೆ ಆ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲದ ತುಂಬ ಕಬ್ಬಿಣದ ಪಿನ್ನುಗಳು ಹೋಗುತ್ತಿದ್ದವು. ಸಂಜೆ ಅದೇ ಕಾರಿನಲ್ಲಿ ನಾವು ಹೋಗುತ್ತಿದ್ದೆವು. ಮುಂದೆ ಮೂವರು, ಹಿಂದೆ ಹಿಡಿಸಿದಷ್ಟು, ತೊಡೆಗಳ ಮೇಲೆ ಮಕ್ಕಳು. ಸೀರೆಗೆ ಹತ್ತಿದ ಎಣ್ಣೆ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮಳೆ ಬಂದರೆ ನನ್ನ ಕಾಲ ಬಳಿಯೇ ಸೋರುತ್ತಿತ್ತು. ಬಲು ಒಳ್ಳೆಯ ಕಾರೆಂದು ಸುಳ್ಳು ಹೇಳಲಾರೆ. ಆದರೆ ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ನಮ್ಮ ಬಾಗಿಲು ತಟ್ಟುತ್ತಿದ್ದರು. ತಾತ ಲುಂಗಿಯಲ್ಲೇ ಹೊರಡುತ್ತಿದ್ದರು, ಜೊತೆಗೆ ನಾನು. ಅವರು ತೀರಿಕೊಂಡ ಮೇಲೂ ಮೆಕ್ಯಾನಿಕ್ ಆಗಾಗ ಬಂದು ಅದನ್ನು ಸ್ಟಾರ್ಟ್ ಮಾಡಿ ಹೋಗುತ್ತಾನೆ.

ನಿಮ್ಮ ಅಪ್ಪ ತಂದಿರುವ ಕೆಂಪು ಸ್ಪೋರ್ಟ್ಸ್ ಕಾರಿಗೆ ಎರಡೇ ಸೀಟು. ನಿಮ್ಮಲ್ಲಿ ಒಬ್ಬರು ಹತ್ತಿದರೆ ಇನ್ನೊಬ್ಬರು ಗೇಟಿನಲ್ಲಿ ಅಳುತ್ತೀರಿ. ನಾನೂ ಒಮ್ಮೆ ಕೂತೆ. ಕೂತದ್ದೇನು, ಬಿದ್ದೆ. ಏಳಬೇಕಾದರೆ ನಿಮ್ಮ ಅಮ್ಮ ಕೈ ಹಿಡಿದು ಎಳೆಯಬೇಕಾಯಿತು. ಗೇಟಿನ ಹಂಪ್ ದಾಟುವಾಗೆಲ್ಲ ವಾಚ್‌ಮನ್ ಬಗ್ಗಿ ನೋಡಿ, "ಸ್ವಲ್ಪ ಓರೆಗೆ ತಗೊಳ್ಳಿ ಸಾರ್, ಹೊಟ್ಟೆ ತಾಗತ್ತೆ" ಎನ್ನಬೇಕು. ಇಷ್ಟೆಲ್ಲ ಆಗಿ ತುಮಕೂರು ರಸ್ತೆಯಲ್ಲಿ ಅದು ನಿಲ್ಲುವುದು ನೀರಿನ ಟ್ಯಾಂಕರಿನ ಹಿಂದೆಯೇ. ನಿಂತಲ್ಲೇ ಗುಡುಗುತ್ತದೆ.

ಇರಲಿ, ಅವನ ದುಡಿಮೆ, ಅವನ ಆಸೆ. ನನ್ನ ಸಿಟ್ಟು ಅದಕ್ಕಲ್ಲ.

ನಮ್ಮ ಮನೆಗಿರುವುದು ಒಂದೇ ಪಾರ್ಕಿಂಗ್, ಕಾರು ಎರಡಾದವು. ಒಂದು ದಿನ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ನಿಮ್ಮಪ್ಪ ಪಕ್ಕದಲ್ಲಿ ಕೂತು ಏನೇನೋ ಹೇಳಿದ. ವೈಟ್‌ಫೀಲ್ಡಿನಲ್ಲಿ ಯಾರೋ ಹೋಟೆಲಿನವರಂತೆ, ಹಳೇ ಕಾರು ಹುಡುಕುತ್ತಿದ್ದಾರಂತೆ. ನಾನು ಹೂಂ, ಹೂಂ ಎನ್ನುತ್ತಿದ್ದೆ. ಎದುರಿನವರು ಮಾತಾಡುವಾಗ ಹೂಂಗುಟ್ಟದೆ ಕೂರುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ಕಥೆ ಕೇಳುವಾಗ ನೀವೂ ಹೂಂಗುಟ್ಟುತ್ತೀರಿ. ಹಾಗೆಂದು ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ಯಲಿ ಎಂದು ಒಪ್ಪಿದಂತಾಯಿತೇ? ನಾನು ಒಪ್ಪಿದೆನೆಂದೇ ನಿಮ್ಮಪ್ಪ ತಿಳಿದ.

ಆ ಭಾನುವಾರ ಟೋ ಗಾಡಿ ಬಂತು. ಹೋಟೆಲಿನ ಮ್ಯಾನೇಜರ್ ಅಂಬಾಸಿಡರಿನ ಮೇಲೆ, ನಡುಮಧ್ಯೆ, ಸೀಮೆಸುಣ್ಣದಿಂದ ಗೆರೆ ಎಳೆದ.

"ಇಲ್ಲಿಗೆ ಕಟ್ ಮಾಡ್ತೀವಿ ಮೇಡಂ. ಹಿಂದಿನರ್ಧ ಸೋಫಾ ಆಗತ್ತೆ, ಸಕ್ಕತ್ತಾಗಿರತ್ತೆ. ಬಿಯರ್ ಕುಡಿಯೋರು ಅಲ್ಲೇ ಕೂತು ಫೋಟೋ ತಗೋತಾರೆ."

"ಮುಂದಿನರ್ಧ?" ಎಂದೆ.

"ಅದು ಗುಜರಿಗೆ."

ಆ ಮುಂದಿನರ್ಧದಲ್ಲಿ ನಿಮ್ಮ ತಾತ ಕೂರುತ್ತಿದ್ದರು.

"ಅಮ್ಮ, ನೀನೇ ಹೂಂ ಅಂದ್ಯಲ್ಲ" ಎಂದ ನಿಮ್ಮಪ್ಪ.

"ಕೇಳುಸ್ಕತ್ತಾ ಇದೀನಿ ಅಂತ ಊಂ ಅಂದೆ ಕಣೋ. ಕುಯ್ಕೊಂಡ್ ಓಗ್ಲಿ ಅಂದ್ನಾ?"

"ಈಗ ಬಂದ್ಬಿಟ್ಟಿದಾರೆ. ಎಲ್ರ ಮುಂದೆ ನನ್ ಮರ್ಯಾದೆ ತೆಗೀಬೇಡ."

"ನಿನ್ ಮರ್ಯಾದೆ ಓದ್ರೆ ಓಗ್ಲಿ. ಗಾಡಿ ಓಗಲ್ಲ."

ನನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಾಲ್ಕನಿಗಳಲ್ಲಿ ಜನ ನಿಂತು ನೋಡಿದರು. ನಾನು ಕಾರಿನ ಮುಂದಿನಿಂದ ಕದಲಲಿಲ್ಲ.

ಟೋ ಗಾಡಿ ಖಾಲಿಯೇ ಹೋಯಿತು. ಕೆಂಪು ಕಾರು ಈಗ ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗಿದೆ. ಕಾಗೆಗಳು ಅದರ ಮೇಲೆ ಏನು ಮಾಡುತ್ತವೆಂದು ನಿಮಗೇ ಗೊತ್ತು. ನಿಮ್ಮಪ್ಪ ಅದನ್ನು ಒರೆಸುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ, "ಕುಯ್ತಾರೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನೋ?"

ಅವನು ತಲೆಯೆತ್ತಲಿಲ್ಲ. "ಹಳೇ ಗಾಡಿ ಅಲ್ವಾಮ್ಮ" ಎಂದ.

ಗೊತ್ತಿತ್ತು ಎಂದೇ ಅದರ ಅರ್ಥ. ಒಳಗೆ ಬಂದು ಅವನಿಗೆ ತಟ್ಟೆ ಇಟ್ಟು ಬಡಿಸಿದೆ. ಮಾತಾಡಿಸಲಿಲ್ಲ.