ನೀಲಾವತಿಯ ಕಾವಲು
ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್ ಗ್ರಂಥಿ ಊದಿಕೊಂಡು ಚಾಮರಾಜನಗರದ ಆಸ್ಪತ್ರೆ ಸೇರಿದವರ ಬಾಯಿಗೆ ವಾರ್ಡಿನ ಆಯಾ ನೀಲಾವತಿಯೇ ಕಾವಲು. ಕುಡಿತದಿಂದ ಕಾಯಿಲೆ ತಂದುಕೊಂಡವನಿಗೂ ಪಿತ್ತಕೋಶದ ಕಲ್ಲಿನಿಂದ ಬಂದವಳಿಗೂ ಅವಳದು ಒಂದೇ ಕಾನೂನು: ಡಾಕ್ಟರು ಹೇಳುವ ತನಕ ಹನಿ ನೀರೂ ಒಳಗೆ ಹೋಗಕೂಡದು. ತೆರಕಣಾಂಬಿಯ ಅತ್ತೆಯೊಬ್ಬಳು ಅಳಿಯನಿಗೆಂದು ಸೆರಗಿನಲ್ಲಿ ಮುಚ್ಚಿ ತಂದ ರಾಗಿಗಂಜಿಯನ್ನು ಮೆಟ್ಟಿಲಲ್ಲೇ ವಾಸನೆಯಿಂದ ಹಿಡಿಯುತ್ತಾಳೆ; ದಿಂಬಿನ ಕೆಳಗಿನ ಬಾಳೆಹಣ್ಣು ಅವಳಿಗೆ ಗೋಡೆಯಾಚೆಯಿಂದಲೇ ಕಾಣುತ್ತದೆ. "ನಿನ್ ಪ್ರೀತಿನೇ ಇವನ್ನ ತಿಂದ್ಬುಡ್ತದೆ ಕಣವ್ವ, ವಾಪಸ್ ತಕ್ಕೊಂಡೋಗು" ಎಂದು ಗದರುತ್ತಾಳೆ. ಬೈಸಿಕೊಂಡವರೇ ವಾರ ಕಳೆದು ಮನೆಗೆ ಹೊರಡುವಾಗ ಅವಳಿಗೆ ಕೈಮುಗಿಯುತ್ತಾರೆ. ಎಲ್ಲರೂ ಹಾಗೆ ಹೊರಡುವುದಿಲ್ಲ. ಕೆಲವರಿಗೆ ಕಿಡ್ನಿ ಸೋತು, ಉಸಿರೂ ಸೋತು, ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು ಇನ್ನು ನಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ಆಗ ಮನೆಯವರ ಅಳು ಶುರುವಾಗುವ ಮೊದಲೇ ನೀಲಾವತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಚಮಚ ತೆಗೆದು, ಹೋಗುತ್ತಿರುವ ಜೀವದ ತುಟಿಗೆ ನೀರು ಬಿಡುತ್ತಾಳೆ. ಇದೇ ಕಾಯಿಲೆಯಲ್ಲಿ ಅವಳ ಗಂಡ ರಾಜಣ್ಣ, ಸಾಯುವ ದಿನ, "ಒಂದ್ ಗುಟುಕು ನೀರ್ ಬುಡಮ್ಮಿ" ಎಂದು ಬೇಡಿದ್ದ. ಕಾನೂನು ಮೀರದ ಅವಳು ಅವನ ಕೈ ಸವರಿ ಹೇಳಿದ್ದಳು: "ನಾಳಿಕ್ಕೆ ಕೊಡ್ತೀನಿ, ವಸಿ ತಡ್ಕ."