ಟಾರ್ಪಾಲಿನ ಮೇಲಿನ ಕಕ್ಕಬೆ ರಸ್ತೆ

ವಿಡಿಯೊ ಗೇಮ್ ಎಂಬ ಮಾತು ಕಿವಿಗೆ ಬೀಳುವುದಕ್ಕೆ ಎಷ್ಟೋ ವರ್ಷ ಮೊದಲೇ ನಾನು ಅಂಥದ್ದೊಂದನ್ನು ಆಡಿದ್ದೇನೆ. ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಅದಕ್ಕೆ ಪರದೆ ಇರಲಿಲ್ಲ, ನಿಜ. ಆದರೆ ಎದುರಿಗೆ ರಸ್ತೆ ಓಡಿ ಬರುತ್ತಿತ್ತು, ಕೈಯಲ್ಲಿ ಸ್ಟಿಯರಿಂಗ್ ಇತ್ತು, ತಪ್ಪಿದರೆ ಆಟ ಮುಗಿಯುತ್ತಿತ್ತು. ಮುಗಿದ ಕೂಡಲೇ ಇನ್ನೊಂದು ಸಲ ಆಡಬೇಕೆನಿಸುತ್ತಿತ್ತು. ಇಷ್ಟಿದ್ದರೆ ಸಾಲದೇ?

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಅಪ್ಪ ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್. ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆತನ. ಅಲ್ಲಿಂದ ಅವ್ವನ ತಂಗಿ, ನನ್ನ ಚಿಕ್ಕಮ್ಮ, ಟೈಲರಿಂಗ್ ಕಲಿಯುವುದಕ್ಕೆಂದು ಆ ಬೇಸಿಗೆ ನಮ್ಮ ಮನೆಗೆ ಬಂದಿದ್ದಳು. ಇನ್ನೂ ಮದುವೆಯಾಗಿರಲಿಲ್ಲ. ಕ್ಲಾಸು ಇದ್ದದ್ದು ಗೋಣಿಕೊಪ್ಪಲಿನಲ್ಲಿ. ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಬೇಡವೆಂದು ಅಪ್ಪ ನನ್ನನ್ನೂ ಜೊತೆಗೆ ಕಳಿಸುತ್ತಿದ್ದರು. ನನಗೆ ಶಾಲೆಗೆ ರಜೆ. ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸು. ಚಿತ್ರ ಬಿಡಿಸುವುದೊಂದು ಬಿಟ್ಟರೆ ಬೇರೆ ಯಾವ ಕೆಲಸವನ್ನೂ ನೆಟ್ಟಗೆ ಮಾಡುತ್ತಿರಲಿಲ್ಲ.

ಟೈಲರಿಂಗ್ ಕ್ಲಾಸಿನ ಹಿಂದೆಯೇ ಒಂದು ಜೀಪ್ ವರ್ಕ್‌ಶಾಪ್ ಇತ್ತು. ಅದನ್ನು ನಡೆಸುತ್ತಿದ್ದವರು ತಲಶ್ಶೇರಿ ಕಡೆಯ ಒಬ್ಬ ಮಲಯಾಳಿ ಮೆಕ್ಯಾನಿಕ್. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ಒಂದು ದಿನ ಅವರು ಕ್ಲಾಸಿನ ಟೀಚರ್ ಬಳಿಗೆ ಉದ್ದದ ಟಾರ್ಪಾಲು ಪಟ್ಟಿಯೊಂದನ್ನು ಹೊತ್ತು ತಂದರು. ಅದರ ಎರಡು ತುದಿಗಳನ್ನು ಸೇರಿಸಿ ಹೊಲಿಯಬೇಕು, ಜೋಡಿಸಿದ ಜಾಗ ಉಬ್ಬಬಾರದು ಎಂದರು. ಅಷ್ಟು ದಪ್ಪದ ಬಟ್ಟೆ ಮಿಷಿನ್ನಿನ ಸೂಜಿಗೆ ಬಗ್ಗಲಿಲ್ಲ. ಚಿಕ್ಕಮ್ಮ ಗೋಣಿಚೀಲ ಹೊಲಿಯುವ ದಬ್ಬಣ ತಗೊಂಡು ಕೈಯಲ್ಲೇ ಹೊಲಿದಳು. ಮಧ್ಯಾಹ್ನ ಅದನ್ನು ತಲುಪಿಸಲು ಇಬ್ಬರೂ ವರ್ಕ್‌ಶಾಪಿಗೆ ಹೋದೆವು.

ಅಲ್ಲಿ, ತಗಡಿನ ಶೆಡ್ಡಿನ ಒಂದು ಮೂಲೆಯಲ್ಲಿ, ಆ ಯಂತ್ರವಿತ್ತು. ಮಂಚದಷ್ಟು ಉದ್ದದ ಮರದ ಚೌಕಟ್ಟು. ಆ ತುದಿಗೊಂದು ಈ ತುದಿಗೊಂದು ಉರುಳೆ. ಮೇಸ್ತ್ರಿ ನಾವು ತಂದ ಟಾರ್ಪಾಲನ್ನು ಉರುಳೆಗಳ ಮೇಲೆ ಬಿಗಿದರು. ಹೊಲಿಯುವಾಗ ಬರೀ ಕಪ್ಪು ಬಣ್ಣದ ಪಟ್ಟೆಯಂತೆ ಕಂಡದ್ದು ಅಂಕುಡೊಂಕಾದ ರಸ್ತೆ ಎಂದು ಈಗ ತಿಳಿಯಿತು. ರಸ್ತೆಯ ಎರಡೂ ಅಂಚಿಗೆ ತಾಮ್ರದ ತಂತಿ ಅಂಟಿಸಿದ್ದರು. ಯಾವುದೋ ಹಳೆಯ ಕಾರಿನ ವೈಪರ್ ಮೋಟರಿಗೆ ಜೀಪಿನ ಬ್ಯಾಟರಿ ಕೊಟ್ಟೊಡನೆ ಗರ್ ಎಂದು ರಸ್ತೆ ಓಡತೊಡಗಿತು. ಮೇಲಿನ ಸಲಾಕೆಯಿಂದ ಬೆರಳುದ್ದದ ತಗಡಿನ ಜೀಪೊಂದು ಇಳಿಬಿದ್ದಿತ್ತು. ಈಚೆ ಕೂತವರು ನಿಜವಾದ ಸ್ಟಿಯರಿಂಗ್ ಚಕ್ರ ತಿರುಗಿಸಿದರೆ ಅದು ಎಡಕ್ಕೆ ಬಲಕ್ಕೆ ಸರಿಯುತ್ತಿತ್ತು. ಅಂಚಿನ ತಂತಿಗೆ ತಾಗಿತೋ, ಗೋಡೆಗೆ ಕಟ್ಟಿದ ಜೀಪಿನ ಹಾರ್ನ್ ಪೇಟೆಗೆಲ್ಲ ಕೇಳುವಂತೆ ಕಿರುಚುತ್ತಿತ್ತು.

"ಇದು ಯಾಕೆ ಮಾಡಿದ್ರಿ ಮೇಸ್ತ್ರಿ?" ಎಂದು ನಾನು ಕೇಳಿದೆ.

"ಈ ಡ್ರೈವರ್‌ಗಳ ಕಾಟ ತಡೀಲಿಕ್ಕೆ ಮೋಳೆ. ಗಾಡಿ ಬಿಟ್ಟು ಆಚೆ ಹೋಗೂದಿಲ್ಲ. ತಲೆ ಮೇಲೆ ನಿಂತು ಆಯ್ತಾ ಆಯ್ತಾ ಅಂತ ಕೇಳ್ತಾರೆ. ಇನ್ನು ಇದರಲ್ಲಿ ಆಡ್ಲಿ, ನಾನು ಕೆಲಸ ಮಾಡ್ತೇನೆ." ಮಗಳೇ ಎನ್ನುವುದಕ್ಕೆ ಅವರ ಬಾಯಲ್ಲಿ ಮೋಳೆ.

ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ನೀವೇ ಒಂದು ಸಲ ಓಡ್ಸಿ ನೋಡಿ ಅಮ್ಮ. ಹೊಲಿಗೆ ಹತ್ರ ಗಾಡಿ ಹಾರ್ತದಾ ಇಲ್ವಾ ಗೊತ್ತಾಗ್ತದೆ" ಎಂದರು.

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಮೊದಲ ತಿರುವಿನಲ್ಲೇ ಹಾರ್ನ್ ಬಡಿದುಕೊಂಡಿತು. ಅವಳು ಬೆಚ್ಚಿಬಿದ್ದು ಕೈಬಿಟ್ಟಳು. ಮತ್ತೆ ಹಿಡಿದಳು. ಮತ್ತೆ ಹಾರ್ನ್. ಮೂರನೆಯ ಸಲ ಅವಳ ಮುಖ ನೋಡಿದೆ. ಹಲ್ಲಿನಡಿ ತುಟಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ, ಓಡಿ ಬರುವ ರಸ್ತೆಯನ್ನೇ ನೋಡುತ್ತಿದ್ದಳು. ಅಂಥ ಮುಖವನ್ನು ನಾನು ಅವಳಲ್ಲಿ ಹಿಂದೆಂದೂ ಕಂಡಿರಲಿಲ್ಲ. ಹೊಲಿಗೆಯ ಜಾಗ ಬಂತು, ತಗಡಿನ ಜೀಪು ಅಲುಗಾಡದೆ ದಾಟಿತು. ಮೇಸ್ತ್ರಿ ತಲೆದೂಗಿದರು. ನನ್ನ ಸರದಿ ಬಂದಾಗ ಮೊದಲ ತಿರುವಿಗೇ ಹಾರ್ನ್ ಆಯಿತು, ನಾನು ಏಳದೆ ಮತ್ತೆ ಚಕ್ರ ಹಿಡಿದೆ.

ಅವತ್ತಿನಿಂದ ಕ್ಲಾಸು ಮುಗಿದು ಬಸ್ಸು ಬರುವವರೆಗಿನ ಹೊತ್ತೆಲ್ಲ ನಮಗೆ ಆ ಶೆಡ್ಡೇ. ಮೇಸ್ತ್ರಿಯ ಲೆಕ್ಕಾಚಾರ ಮಾತ್ರ ತಲೆಕೆಳಗಾಯಿತು. ಡ್ರೈವರುಗಳ ಕಾಟ ತಪ್ಪಲಿಲ್ಲ, ಹೆಚ್ಚಾಯಿತು. ಏನೂ ಕೆಡದ ಜೀಪುಗಳೆಲ್ಲ ರಿಪೇರಿಗೆ ಬರತೊಡಗಿದವು. ಬೆಟ್ಟದ ಬುಡದ ಕಕ್ಕಬೆಯಿಂದ ಏಲಕ್ಕಿ ಮೂಟೆ ತರುತ್ತಿದ್ದ ಒಬ್ಬ ಕೊಡವ ಡ್ರೈವರ್ ಇದ್ದರು. ನರೆತ ಮೀಸೆ, ದೊಡ್ಡ ಸ್ವರ. ಆ ಘಾಟಿಯಲ್ಲಿ ಕಣ್ಣು ಮುಚ್ಚಿ ಗಾಡಿ ಓಡಿಸುತ್ತೇನೆ ಎನ್ನುತ್ತಿದ್ದವರು. ಈ ಯಂತ್ರದ ಮುಂದೆ ಕೂತರೆ ಎರಡು ತಿರುವು ದಾಟುತ್ತಿರಲಿಲ್ಲ.

"ಇದೆಂಥ ಜೀಪು? ಬ್ರೇಕ್ ಇಲ್ಲ, ಕ್ಲಚ್ ಇಲ್ಲ. ರಸ್ತೆಯೇ ಮೈಮೇಲೆ ಬರ್ತದೆ" ಎಂದು ಗೊಣಗಿ ಏಳುತ್ತಿದ್ದರು. ಮರುದಿನ ಮತ್ತೆ ಹಾಜರು. "ಮೇಸ್ತ್ರಿ, ಎಡಗಡೆ ಚಕ್ರದಲ್ಲಿ ಏನೋ ಸದ್ದು ಬರ್ತದೆ, ಸ್ವಲ್ಪ ನೋಡು." ಸದ್ದೂ ಇಲ್ಲ ಗದ್ದಲವೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕೆಲವು ದಿನಗಳಲ್ಲಿ ಆ ರಸ್ತೆ ಎಲ್ಲರಿಗೂ ಬಾಯಿಪಾಠವಾಯಿತು. ಆಗ ಚಿಕ್ಕಮ್ಮ, "ಹೊಸ ರಸ್ತೆ ಮಾಡಾಣ ಮೇಸ್ತ್ರಿ. ಇದಕ್ಕಿಂತ ಕಷ್ಟದ್ದು" ಎಂದಳು. ಕಕ್ಕಬೆ ಡ್ರೈವರ್ ಕೂಡಲೇ, "ಕಷ್ಟದ್ದು ಬೇಕಾದ್ರೆ ನನ್ನ ರಸ್ತೆ ಮಾಡಿ" ಎಂದರು.

ಎರಡನೆಯ ರಸ್ತೆ ಹುಟ್ಟಿದ್ದು ಹಾಗೆ. ಡ್ರೈವರ್ ಕಣ್ಣು ಮುಚ್ಚಿ, ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಾ ಹೇಳುವುದು, ನಾನು ಇನ್ನೊಂದು ಟಾರ್ಪಾಲು ಪಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವುದು. "ಇಲ್ಲಿ ಬಿದಿರು ಮೆಳೆ. ಇಲ್ಲಿ ಇಳಿಜಾರು. ಇಲ್ಲಿ ಸೇತುವೆ, ಒಂದೇ ಗಾಡಿ ಹೋಗೂದು." ನಾನು ಬಣ್ಣ ಬಳಿದೆ. ಚಿಕ್ಕಮ್ಮ ತಂತಿಯನ್ನು ಅಂಟಿಸುವ ಬದಲು ಅಂಚಿನುದ್ದಕ್ಕೂ ಹೊಲಿದಳು. ಬೆರಳು ತೂತಾಗಿ ಬಟ್ಟೆ ಸುತ್ತಿಕೊಂಡರೂ ಬಿಡಲಿಲ್ಲ. ನಡುವೆ ಅವಳಿಗೊಂದು ಯೋಚನೆ ಹೊಳೆಯಿತು.

"ಸೇತುವೆ ಆದ್ಮೇಲೆ ಒಂದು ಆನೆ ನಿಲ್ಸಾಣ ಕಣೆ. ರಸ್ತೆ ಮಧ್ಯೆ. ಅದರ ಸುತ್ತಾನೂ ತಂತಿ."

"ಎಲ್ಲಿ? ನೇರ ಇರೋ ಕಡೆನಾ?"

"ಬ್ಯಾಡ, ತಿರುವು ಮುಗಿಯೋ ಜಾಗದಾಗೆ. ಕೈ ಇನ್ನೂ ಬಲಕ್ಕೆ ತಿರುಗಿರ್ಬೇಕು, ಅಷ್ಟೊತ್ತಿಗೆ ಆನೆ ಕಾಣ್ಬೇಕು."

ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ನಾನು ಆನೆ ಬರೆದೆ. ಸೊಂಡಿಲು ಗಿಡ್ಡವಾಯಿತು, ಮೈ ಉದ್ದವಾಯಿತು. ನೋಡಿದವರೆಲ್ಲ ಎಮ್ಮೆ ಎಂದರು. ಕೊನೆಯಲ್ಲಿ ತಡಿಯಂಡಮೋಳ್ ಬೆಟ್ಟ, ಅದರ ಬುಡದಲ್ಲಿ ಕಕ್ಕಬೆ ಎಂದು ಬರೆದು ಒಂದು ಕಮಾನು.

ಹೊಸ ರಸ್ತೆ ಓಡಿದ ದಿನದ ಗಲಾಟೆ ಈಗಲೂ ಕಿವಿಯಲ್ಲಿದೆ. ಒಬ್ಬರಾದ ಮೇಲೊಬ್ಬರು ಕೂತರು. ಸೇತುವೆ ದಾಟಿದವರೆಲ್ಲ ನನ್ನ ಆನೆಗೆ ಗುದ್ದಿದರು. ಹಾರ್ನ್ ನಿಲ್ಲಲೇ ಇಲ್ಲ. ಕಕ್ಕಬೆ ಡ್ರೈವರ್ ಕೂಡ ಅಲ್ಲೇ ಗುದ್ದಿದರು. "ಹುಟ್ಟಿದಾಗಿಂದ ಆ ರಸ್ತೆಯಲ್ಲಿದ್ದೇನೆ, ಅಲ್ಲಿ ಒಂದು ಎಮ್ಮೆ ಕಂಡಿಲ್ಲ" ಎಂದು ಅವರು ಮೀಸೆ ತಿರುವಿದಾಗ ಶೆಡ್ಡು ನಗೆಯಲ್ಲಿ ಮುಳುಗಿತು. ದಿನಗಟ್ಟಲೆ ಯಾರೂ ಕಕ್ಕಬೆ ಮುಟ್ಟಲಿಲ್ಲ. ಮನೆಯಲ್ಲಿ ಅನ್ನ ಕಲಸುವಾಗ, ನೀರು ಸೇದುವಾಗ ಚಿಕ್ಕಮ್ಮನ ಕೈ ತಾನಾಗಿ ಬಲಕ್ಕೆ ತಿರುಗಿ ಸರಕ್ಕನೆ ಎಡಕ್ಕೆ ಬರುತ್ತಿತ್ತು. "ಏನ್ ಮಾಡ್ತಿದ್ದೀಯೆ?" ಎಂದು ಅವ್ವ ಕೇಳಿದರೆ ನಾವಿಬ್ಬರೂ ನಗು ತಡೆದುಕೊಳ್ಳುತ್ತಿದ್ದೆವು.

ಬಸ್ ಕಂಡಕ್ಟರ್ ಅಪ್ಪನ ಕಿವಿಗೆ ಸುದ್ದಿ ಹಾಕಿದ. ನಿಮ್ಮ ನಾದಿನಿ ವರ್ಕ್‌ಶಾಪಿನಲ್ಲಿ ಡ್ರೈವರುಗಳ ನಡುವೆ ಕೂತಿರುತ್ತಾಳೆ ಎಂದು. ಒಂದು ಶನಿವಾರ, ನಮಗೆ ಹೇಳದೆ, ಅಪ್ಪ ಗೋಣಿಕೊಪ್ಪಲಿಗೆ ಬಂದರು.

ಅವರು ಶೆಡ್ಡಿನ ಬಾಗಿಲಿಗೆ ಬಂದಾಗ ಚಿಕ್ಕಮ್ಮ ಆಡುತ್ತಿದ್ದಳು. ಅದೂ ಸೇತುವೆಯ ಹತ್ತಿರ. ಮೊದಲು ಕಂಡವಳು ನಾನು. ಡ್ರೈವರುಗಳು ಒಬ್ಬೊಬ್ಬರೇ ಹಿಂದೆ ಸರಿದರು. ಚಿಕ್ಕಮ್ಮನಿಗೆ ಯಾವುದೂ ತಿಳಿಯಲಿಲ್ಲ. ಸೇತುವೆ ದಾಟಿದಳು. ಬಲಕ್ಕೆ ತಿರುಗಿ, ಆನೆಯ ಮೂತಿ ಕಂಡ ಕ್ಷಣಕ್ಕೇ ಎಡಕ್ಕೆ ಎಳೆದಳು. ಆನೆಗೂ ಅಂಚಿಗೂ ನಡುವಿನ ಸಂದಿಯಲ್ಲಿ ತಗಡಿನ ಜೀಪು ನುಸುಳಿತು. ಹಾರ್ನ್ ಆಗಲಿಲ್ಲ. ಇನ್ನೊಂದು ತಿರುವು, ಇನ್ನೊಂದು. ಕಮಾನು ಬಂತು.

"ಮುಟ್ಟಿದೆ ಕಣೆ, ಕಕ್ಕಬೆ ಮುಟ್ಟಿದೆ" ಎನ್ನುತ್ತಾ ನನ್ನ ಕಡೆ ತಿರುಗಿದಳು. ನನ್ನ ಹಿಂದೆ ನಿಂತಿದ್ದ ಭಾವನನ್ನು ಕಂಡು ಎದ್ದು ನಿಂತಳು.

"ಟೈಲರಿಂಗ್ ಕಲಿಯಾಕೆ ಕಳ್ಸಿದ್ರೆ ಇಲ್ಲಿ ಏನ್ ಮಾಡ್ತಿದ್ದೀಯ?" ಅಪ್ಪನ ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಚಿಕ್ಕಮ್ಮ ತಲೆ ತಗ್ಗಿಸಲಿಲ್ಲ. "ಹೊಲಿಗೆನೇ ಭಾವ. ಈ ರಸ್ತೆ ಪೂರಾ ನಾನೇ ಹೊಲಿದಿದ್ದು. ನೋಡಿ."

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. "ಹೌದು ರೈಟರ್ ಸಾರ್. ಚಿತ್ರ ನಿಮ್ಮ ಮಗಳದ್ದು. ಇಲ್ಲಿ ಯಾರೂ ಒಂದು ಕೆಟ್ಟ ಮಾತು ಆಡೂದಿಲ್ಲ. ಬನ್ನಿ, ನೋಡಿ."

ಅಪ್ಪ ಬಗ್ಗಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ, "ಈ ಎಮ್ಮೆ ಯಾಕೆ ರಸ್ತೆ ಮಧ್ಯೆ?" ಎಂದರು.

"ಅದು ಆನೆ ಅಪ್ಪ" ಎಂದೆ. ಕಕ್ಕಬೆ ಡ್ರೈವರಿಗೆ ನಗು ತಡೆಯಲಾಗಲಿಲ್ಲ. ಅಪ್ಪನ ಮುಖವೂ ಸಡಿಲಾಯಿತು. ಮೇಸ್ತ್ರಿ ಸ್ಟೂಲನ್ನು ಅವರ ಹತ್ತಿರ ತಳ್ಳಿದರು.

ಅಪ್ಪ ಕೂತರು. ಚಕ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ರಸ್ತೆ ಓಡಿತು, ಹಾರ್ನ್ ಕಿರುಚಿತು. "ಇನ್ನೊಂದ್ಸಲ" ಎಂದರು. ಮತ್ತೆ ಹಾರ್ನ್. ಟೊಪ್ಪಿ ತೆಗೆದು ನನ್ನ ಕೈಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಕಕ್ಕಬೆ ಡ್ರೈವರ್ ಅವರ ಹೆಗಲ ಹಿಂದೆ ನಿಂತು, "ಮೆಲ್ಲ ರೈಟರೇ, ಹಸುವಿನ ಮೊಲೆ ಹಿಡಿದ ಹಾಗೆ ಹಿಡೀಬೇಕು, ಹಗ್ಗ ಎಳೆದ ಹಾಗಲ್ಲ" ಎಂದು ಹೇಳಿಕೊಡತೊಡಗಿದರು. ಬಸ್ಸು ಬಂದು ಹೋಯಿತು. ನಾವು ಯಾರೂ ಅದರ ಮಾತೆತ್ತಲಿಲ್ಲ. ಕೊನೆಗೆ ಆ ಡ್ರೈವರೇ ತಮ್ಮ ಜೀಪಿನಲ್ಲಿ ನಮ್ಮನ್ನು ಬಿಟ್ಟಂಗಾಲಕ್ಕೆ ಮುಟ್ಟಿಸಿದರು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವರ ಕೈಗಳನ್ನೇ ನೋಡುತ್ತಿದ್ದರು.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಏನಾಯ್ತು? ಹೋಗಿ ಬುದ್ಧಿ ಹೇಳಿದ್ರಾ?"

"ಹೊಲಿಗೆ ಚೆನ್ನಾಗಿ ಕಲ್ತವ್ಳೆ" ಎಂದರು ಅಪ್ಪ. ಸೀದಾ ಒಳಗೆ ಹೋದರು.

ಮುಂದಿನ ವಾರದಲ್ಲಿ ಅಪ್ಪನಿಗೆ ಗೋಣಿಕೊಪ್ಪಲಿನಲ್ಲಿ ಇದ್ದಕ್ಕಿದ್ದಂತೆ ಕೆಲಸಗಳು ಹೆಚ್ಚಾದವು. ಕೊನೆಗೊಂದು ದಿನ ಅವರೂ ಕಕ್ಕಬೆ ಮುಟ್ಟಿದರು. ಮುಟ್ಟಿದವರು ಚಕ್ರದಿಂದ ಕೈ ತೆಗೆಯದೆ, "ನಾನು ನಿಜವಾದ ಕಕ್ಕಬೆನೇ ನೋಡಿಲ್ಲ" ಎಂದರು. ಚಿಕ್ಕಮ್ಮನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

"ಭಾನುವಾರ ಬನ್ನಿ, ಕರ್ಕೊಂಡು ಹೋಗ್ತೇನೆ" ಎಂದರು ಡ್ರೈವರ್.

ಹೋದೆವು. ಅವ್ವ, ಅಪ್ಪ, ಚಿಕ್ಕಮ್ಮ, ನಾನು, ಜೊತೆಗೆ ಮೇಸ್ತ್ರಿ. ವಿರಾಜಪೇಟೆ ದಾಟಿದ ಮೇಲೆ ನಾನು ಸೀಟಿನ ಅಂಚಿಗೆ ಬಂದು ಕೂತೆ. ನಾವು ಬರೆದ ರಸ್ತೆಯೊಳಗೇ ಹೊಕ್ಕ ಹಾಗಿತ್ತು. ಪ್ರತಿ ತಿರುವಿಗೂ ಅಪ್ಪ "ಈಗ ಎಡಕ್ಕೆ" ಎನ್ನುವುದು, ರಸ್ತೆ ಬಲಕ್ಕೆ ಹೋಗುವುದು. ಅವ್ವನಿಗೆ ನಮ್ಮೆಲ್ಲರಿಗೂ ತಲೆ ಕೆಟ್ಟಿದೆ ಎನಿಸಿತು. ಆದರೆ ಬಿದಿರು ಮೆಳೆ ಇತ್ತು. ಒಂದೇ ಗಾಡಿ ಹೋಗುವ ಸೇತುವೆ ಬಂದಾಗ ಚಿಕ್ಕಮ್ಮ ನನ್ನ ತೊಡೆ ಚಿವುಟಿದಳು, ಅದರ ನೋವು ಎರಡು ದಿನ ಇತ್ತು. ಕಮಾನು ಮಾತ್ರ ಎಲ್ಲೂ ಇರಲಿಲ್ಲ. ಬೆಟ್ಟದ ತಲೆಗೆ ಮೋಡ, ಕೆಳಗೆ ನಾಲ್ಕಾರು ಅಂಗಡಿ, ಏಲಕ್ಕಿಯ ವಾಸನೆ. ಒಂದು ಅಂಗಡಿಯ ಮುಂದೆ ನಿಂತು ಎಲ್ಲರೂ ಕಾಫಿ ಕುಡಿದೆವು.

ಮರಳಿ ಬರುವಾಗ ಬಿಟ್ಟಂಗಾಲ ಇನ್ನೇನು ಹತ್ತಿರವೆನ್ನುವಾಗ, ರಸ್ತೆ ನೇರವಾಗಿದ್ದ ಕಡೆ, ಡ್ರೈವರ್ ಜೀಪು ನಿಲ್ಲಿಸಿದರು. ಹಿಂದೆ ತಿರುಗಿ ಚಿಕ್ಕಮ್ಮನಿಗೆ, "ಬಾ ತಂಗಿ, ಹಿಡಿ" ಎಂದರು. ಅವ್ವ ಬೇಡವೆನ್ನುವಷ್ಟರಲ್ಲಿ ಅವಳು ಇಳಿದು ಮುಂದೆ ಹೋಗಿಯಾಗಿತ್ತು. ಡ್ರೈವರ್ ಪಕ್ಕದಲ್ಲಿ ಕೂತು ಗೇರು ಹಾಕಿಕೊಟ್ಟರು. ಜೀಪು ಎರಡು ಸಲ ಕುಲುಕಿ ಹೊರಟಿತು. ನಿಜವಾದ ಚಕ್ರ ಅವಳು ತಿಳಿದದ್ದಕ್ಕಿಂತ ಭಾರವಾಗಿತ್ತಂತೆ. ಅವಳ ಭುಜ ಬಿಗಿದದ್ದು ಹಿಂದಿನಿಂದ ಕಾಣುತ್ತಿತ್ತು. ಎದುರಿಗೆ ಎತ್ತಿನ ಗಾಡಿಯೊಂದು ಬಂತು. ಅವಳು ಮೆಲ್ಲನೆ ಬದಿಗೆ ಸರಿದು, ದಾರಿ ಬಿಟ್ಟು, ಮತ್ತೆ ರಸ್ತೆಯ ನಡುವಿಗೆ ಬಂದಳು. ಮೇಸ್ತ್ರಿ ಹಿಂದಿನ ಸೀಟಿನಿಂದ ಚಪ್ಪಾಳೆ ತಟ್ಟಿದರು. ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು.

ಮುಂದಿನ ವಾರವೇ ಮಳೆ ಹಿಡಿಯಿತು. ಶೆಡ್ಡಿನ ತಗಡು ಸೋರಿ ಟಾರ್ಪಾಲಿಗೆ ಬೂಷ್ಟು ಬಂತು, ತಾಮ್ರ ಹಸಿರಾಯಿತು, ತಾಗಿದರೂ ಹಾರ್ನ್ ಆಗದಾಯಿತು. ಮೇಸ್ತ್ರಿ ಯಂತ್ರ ಬಿಚ್ಚಿ, ಸ್ಟಿಯರಿಂಗನ್ನು ಯಾವುದೋ ಜೀಪಿಗೆ ಹಾಕಿದರು. ನನಗೆ ಅಳು ಬಂತು. ಚಿಕ್ಕಮ್ಮ ಅಳಲಿಲ್ಲ. ಆ ಮಳೆಗಾಲ ಪೂರ್ತಿ, ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಅವಳು ಒಲೆಯ ಇದ್ದಿಲು ತಗೊಂಡು ನಮ್ಮ ಎಸ್ಟೇಟ್ ಕ್ವಾರ್ಟರ್ಸಿನ ಸಿಮೆಂಟು ನೆಲದ ಮೇಲೆ ಹೊಸ ಹೊಸ ರಸ್ತೆ ಬರೆಯುತ್ತಿದ್ದಳು. ಅಪ್ಪ ಕೆಲಸದಿಂದ ಬಂದು, ಒದ್ದೆ ಕಂಬಳಿಕೊಪ್ಪೆಯನ್ನು ಮೂಲೆಗೆ ಹಾಕಿ, ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇಲ್ಲಿ ಇನ್ನೂ ಸ್ವಲ್ಪ ಕಿರಿದು ಮಾಡು" ಎನ್ನುತ್ತಿದ್ದರು.