ಐದನೆಯ ಸರ್ವರ್ ಸೇರಿಸಿದ ದಿನ

ಚಿತ್ರದುರ್ಗದಲ್ಲಿ ನಮ್ಮ ಆಫೀಸು ಇರುವುದು ಕಬ್ಬಿಣದ ಟ್ರಂಕ್ ಮಾಡುವ ಅಂಗಡಿಯೊಂದರ ಮಹಡಿಯ ಮೇಲೆ. ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವವರಿಗೆ ಯಾವ ಜಾಗದಲ್ಲಿ ಗಾಳಿ ಹೇಗೆ ಬೀಸುತ್ತದೆಂದು ಲೆಕ್ಕ ಹಾಕಿಕೊಡುವುದು ನಮ್ಮ ಕಸುಬು. ಲೆಕ್ಕ ಹಾಕುವವರು ಬೇರೆ. ಆ ಲೆಕ್ಕ ಓಡುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು.

ದೊಡ್ಡ ಫೈಲುಗಳನ್ನು ನಾವು ತುಂಡು ತುಂಡಾಗಿ ನಾಲ್ಕು ಸರ್ವರ್‌ಗಳಿಗೆ ಹಂಚಿ ಇಡುತ್ತಿದ್ದೆವು. ಹಾಗಾಗಿ ಹಲವಾರು ಕಂಪ್ಯೂಟರುಗಳು ಒಟ್ಟಿಗೇ ಬರೆಯಬಹುದು, ಓದಬಹುದು. ಬಳಸುವವರಿಗೆ ಮಾತ್ರ ಅದು ಒಂದೇ ದೊಡ್ಡ ಡಿಸ್ಕ್ ಇದ್ದಂತೆ. ಕಳೆದ ಬೇಸಿಗೆಯ ಹೊತ್ತಿಗೆ ನಾಲ್ಕೂ ಕುತ್ತಿಗೆಯವರೆಗೆ ತುಂಬಿದ್ದವು. ಹಳೆಯ ಫೈಲು ಅಳಿಸಿ ಎಂದು ಬೇಡಿಕೊಳ್ಳುತ್ತಾ ನಾನು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದೆ. ನಾನು ಬರುವುದು ಕಂಡರೆ ಕೆಲವರು ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು.

ಕೊನೆಗೂ ಐದನೆಯ ಸರ್ವರ್ ಬಂತು. ತಂದ ಲಾರಿ ಅದನ್ನು ಹಿರಿಯೂರಿನಲ್ಲೇ ಇಳಿಸಿ ಬೇರೆ ಹೆದ್ದಾರಿ ಹಿಡಿದು ಹೋಗಿಬಿಟ್ಟಿತ್ತು. ಗೂಡ್ಸ್ ಆಟೋ ಮಾಡಿಕೊಂಡು ನಾನೇ ಹೋದೆ. ಪೆಟ್ಟಿಗೆ ಹೇರಿದ ಮೇಲೆ ಡ್ರೈವರ್, "ಮೇಡಂ, ಮ್ಯಾಲೆ ನಾಕು ಮೂಟೆ ತೆಂಗಿನಕಾಯಿ ಹಾಕ್ಕಂಡು ಹೋಗಾಣ?" ಎಂದ. "ಬ್ಯಾಡಪ್ಪ, ದಮ್ಮಯ್ಯ" ಎಂದೆ.

ಮೆಟ್ಟಿಲು ಹತ್ತಿಸಲು ಕೆಳಗಿನ ಟ್ರಂಕ್ ಅಂಗಡಿಯ ಸಾಹೇಬರು ಕೈಜೋಡಿಸಿದರು. "ಒಳಗೇನೈತ್ರಿ, ಕಲ್ಲಾ?" ಎಂದು ಏದುಸಿರು ಬಿಟ್ಟರು.

ಆ ವೇಳೆಗೆ ಹೊಸದುರ್ಗ ಕಡೆಯವರಾದ ನನ್ನ ಸಹೋದ್ಯೋಗಿಯೊಬ್ಬರು ರಾಮಗಿರಿ ಗುಡ್ಡದ ಗಾಳಿಯ ಲೆಕ್ಕ ಹಾಕುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡಾಕೆ, ಮಿತಭಾಷಿ. ಅವರ ಲೆಕ್ಕ ಹಿಂದಿನ ವಾರದಿಂದ ಓಡುತ್ತಿತ್ತು. ಜಾಗ ಸಾಲದೆಂದು ಅಲ್ಲಿಯವರೆಗಿನ ಲೆಕ್ಕವನ್ನು ನಡುನಡುವೆ ಉಳಿಸಿಕೊಳ್ಳುವುದನ್ನೂ ಅವರು ಬಿಟ್ಟಿದ್ದರು. ನಿಂತರೆ ಮತ್ತೆ ಮೊದಲಿನಿಂದಲೇ.

"ಇದನ್ನ ನಿಲ್ಸದೇ ಹೊಸದು ಸೇರ್ಸಕ್ಕೆ ಆಗುತ್ತೇನ್ರಿ?" ಎಂದು ಕೇಳಿದರು.

"ಆಗುತ್ತೆ ಕಣ್ರಿ. ಓಡ್ತಿರುವಾಗ್ಲೇ ಸೇರಿಸಬಹುದು" ಎಂದೆ.

ಸರ್ವರ್‌ಗಳಿದ್ದ ಒಳಕೋಣೆಗೆ ಹೋಗಿ ಹೊಸದಕ್ಕೆ ನೆಟ್‌ವರ್ಕ್ ಕೇಬಲ್ ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅವರ ಕೂಗು ಕೇಳಿಸಿತು. "ಬರ್ರಿ ಇಲ್ಲಿ! ಎಲ್ಲಾ ನಿಂತೋತು!"

ಓಡಿಹೋಗಿ ನೋಡಿದರೆ ಅವರ ಪರದೆಯ ಮೇಲೆ ಅಂಕಿಗಳು ಕದಲುತ್ತಿಲ್ಲ. ಅವರ ಕೀಬೋರ್ಡಿನಿಂದಲೇ ಒಂದೊಂದೇ ಸರ್ವರನ್ನು ಮಾತಾಡಿಸುತ್ತಾ ಹೋದೆ. ಮೂರನೆಯದನ್ನು ಕರೆದರೆ ಉತ್ತರ ಕೊಟ್ಟದ್ದು ಹೊಸದು! ತಯಾರಿಸಿದವರು ಅದಕ್ಕೆ ಹಾಕಿ ಕಳಿಸಿದ್ದ ನೆಟ್‌ವರ್ಕ್ ವಿಳಾಸವೂ ನಮ್ಮ ಮೂರನೆಯ ಸರ್ವರ್ ವಿಳಾಸವೂ ಒಂದೇ ಆಗಿದ್ದವು. ಮೂರನೆಯದಕ್ಕೆ ಹೋಗಬೇಕಾದ ತುಂಡುಗಳೆಲ್ಲ ಹೊಸದರ ಬಾಗಿಲಿಗೆ ಬಂದು ನಿಂತಿದ್ದವು. ಕೂಡಲೇ ಒಳಗೆ ಓಡಿ ಹೊಸದರ ಕೇಬಲ್ ಕಿತ್ತು ಬಂದೆ.

"ನನ್ನ ಲೆಕ್ಕ ಹೋತಾ?" ಅವರ ದನಿ ಸಣ್ಣಗಾಗಿತ್ತು.

"ಹೋಗಿಲ್ಲ. ಬರೆಯೋಕೆ ಮೂರನೇದು ಸಿಗ್ಲಿ ಅಂತ ಕಾಯ್ತಾ ಐತೆ. ಕುಂತ್ಕಳ್ರಿ."

ಧೈರ್ಯ ಹೇಳಿದೆನೇ ಹೊರತು, ಕಂಪ್ಯೂಟರುಗಳು ಹಾಗೆ ಕಾಯುತ್ತವೆಂದು ಓದಿ ಮಾತ್ರ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಇಬ್ಬರೂ ಪರದೆಯ ಮುಂದೆ ಕೂತೆವು. ಕೆಳಗೆ ತಗಡು ಬಡಿಯುವ ಸದ್ದು. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಯಾರೋ ಚಹಾ ತಂದಿಟ್ಟು ಹೋದರು. ಇಬ್ಬರೂ ಮುಟ್ಟಲಿಲ್ಲ.

ಆಮೇಲೆ ಒಂದು ಸಾಲು ಮೇಲಕ್ಕೆ ಸರಿಯಿತು. ಅದರ ಹಿಂದೆ ಇನ್ನೊಂದು. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಲೆಕ್ಕ ಮುಂದುವರಿದಿತ್ತು.

"ಥೂ, ಜೀವ ಬಾಯಿಗೆ ಬಂದಿತ್ತು ಕಣೇ" ಎಂದು ಅವರು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕರು. ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಹೊಸ ಸರ್ವರ್‌ಗೆ ಬೇರೆ ವಿಳಾಸ ಕೊಟ್ಟು ಮತ್ತೆ ಸೇರಿಸಿದೆ. ಈ ಸಲ ಯಾವುದೂ ನಿಲ್ಲಲಿಲ್ಲ. ಖಾಲಿ ಜಾಗ ತೋರಿಸುವ ಅಂಕಿ ಮಾತ್ರ ಥಟ್ಟನೆ ಜಿಗಿಯಿತು. ಹಳೆಯ ಫೈಲುಗಳು ತಾವಾಗಿಯೇ ಹೊಸ ಜಾಗಕ್ಕೆ ಹೋಗುವುದಿಲ್ಲ. ಮುಂದಿನ ದಿನಗಳಲ್ಲಿ ನಿಧಾನವಾಗಿ ನಾನೇ ಸಾಗಿಸಿದೆ, ಯಾರ ಕೆಲಸಕ್ಕೂ ಅಡ್ಡಿಯಾಗದಂತೆ.

ರಾಮಗಿರಿಯ ಲೆಕ್ಕ ಸುಸೂತ್ರವಾಗಿ ಮುಗಿಯಿತು. ಅವತ್ತು ಅವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಸಾಹೇಬರೂ ಮೇಲೆ ಬಂದರು. ತಿನ್ನುತ್ತಾ ಕೂತವರಲ್ಲಿ ಯಾರಿಗೂ ಏಳುವ ಅವಸರವಿರಲಿಲ್ಲ.